ಹಂದಿಮರಿಗಳ ಒಣಕೆಮ್ಮು: ಪೆನಿಸಿಲಿನ್ ಯಾಕೆ ಹಿಡೀತಿಲ್ಲ?

ಪ್ರಶ್ನೆ: ವಿರಾಜಪೇಟೆ ಹತ್ತಿರ 22 ಹಂದಿ ಸಾಕಿದ್ದೇನೆ. ಮೂರು ತಿಂಗಳ ಮರಿಗಳಿಗೆ ಒಣಕೆಮ್ಮು. ಬೆಳಿಗ್ಗೆ ಬೂಸಾ ಸುರಿಯೋಕೆ ಹೋದರೆ ಎದ್ದು ನಿಂತು, ಬೆನ್ನು ಬಾಗಿಸಿ, ಏಳೆಂಟು ಸಲ ಕೆಮ್ಮುತ್ತವೆ. ಮೇವು ಬಿಟ್ಟಿಲ್ಲ, ಮೈ ಮಾತ್ರ ಹಿಡೀತಿಲ್ಲ. ಐದು ದಿನ ಪೆನಿಸಿಲಿನ್ ಕೊಡಿಸಿದೆ, ಏನೂ ಪ್ರಯೋಜನವಾಗಲಿಲ್ಲ. ನೋಡಿದರೆ ಹೊಟ್ಟೆ ಉರಿಯುತ್ತೆ.

ಉತ್ತರ 1: ಮೈಕೋಪ್ಲಾಸ್ಮಾ ಹಯೋನ್ಯುಮೋನಿಯೆ ಇರಬಹುದು. ಈ ಬ್ಯಾಕ್ಟೀರಿಯಾಕ್ಕೆ ಕೋಶಭಿತ್ತಿಯೇ (ಜೀವಕೋಶದ ಹೊರಗೋಡೆ) ಇಲ್ಲ. ಪೆನಿಸಿಲಿನ್ ಹೊಡೆಯೋದು ಆ ಗೋಡೆಗೇ. ಇದು ಶ್ವಾಸನಾಳದ ಸೂಕ್ಷ್ಮ ರೋಮಗಳನ್ನ ಹಾಳುಮಾಡುತ್ತೆ, ಹಿಂದೆಯೇ ಪಾಶ್ಚುರೆಲ್ಲಾ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ನುಗ್ಗುತ್ತೆ. ಗೋಡೆಗೆ ಹೊಡೆಯದ ಟೈಲೋಸಿನ್, ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯೋಟಿಕ್ ಬಗ್ಗೆ ಪಶುವೈದ್ಯರನ್ನ ಕೇಳಿ.

ಉತ್ತರ 2: ಕೊಟ್ಟಿಗೆಗೆ ಗಾಳಿ ಆಡುತ್ತಾ? ಹೊಸ ಮರಿ ತಂದು ಸೀದಾ ಒಳಗೆ ಬಿಟ್ಟಿರಾ?

ಪ್ರಶ್ನೆ ಕೇಳಿದವರು: ಹೌದು, ಸಂತೆಯಿಂದ ಎರಡು ತಂದು ಬಿಟ್ಟಿದ್ದೆ. ಮಳೆಗೆ ಸುತ್ತಲೂ ಟಾರ್ಪಾಲ್ ಬಿಗಿದಿದ್ದೇನೆ. ಒಳಗೆ ಕಾಲಿಟ್ಟರೆ ಅಮೋನಿಯಾಕ್ಕೆ ಕಣ್ಣುರಿ. ಈಗಲೇ ಬಿಚ್ಚುತ್ತೇನೆ.