ಅಪ್‌ಡೇಟ್: ಬಚ್ಚಲೊಲೆಯ ಬದಲು ಹೀಟ್ ಪಂಪ್, ಒಂದು ಮಳೆಗಾಲ ಕಳೆದ ಮೇಲೆ

ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ ಆರು ಜನರ ಸ್ನಾನದ ನೀರಿಗೆ, ಸೌದೆ ಉರಿಸುವ ಬಚ್ಚಲೊಲೆಯ ಬದಲು ಹೀಟ್ ಪಂಪ್ (ಗಾಳಿಯ ಶಾಖದಿಂದ ನೀರು ಕಾಯಿಸುವ ವಿದ್ಯುತ್ ಯಂತ್ರ) ಹಾಕಿಸಬಹುದೇ ಎಂದು ಬೇಸಿಗೆಯಲ್ಲಿ ಕೇಳಿದ್ದೆ. ಸೋಲಾರ್ ಸಾಕೆಂದು ಹಲವರು ಹೇಳಿದರೂ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಜೋರು ಮಳೆಯ ಕಾಲ) ದಿನಗಟ್ಟಲೆ ಬಿಸಿಲು ಕಾಣದ ಊರಾದ್ದರಿಂದ, 200 ಲೀಟರಿನ ಹೀಟ್ ಪಂಪನ್ನೇ ಹಾಕಿಸಿದೆ.

ಅಷ್ಟು ನೀರನ್ನು 27 ಡಿಗ್ರಿಯಿಂದ 55 ಡಿಗ್ರಿಗೆ ಏರಿಸಲು ಸುಮಾರು 6.5 ಯೂನಿಟ್ ಶಾಖ ಬೇಕು. ಸಾದಾ ಗೀಸರ್ ಅದಷ್ಟನ್ನೂ ವಿದ್ಯುತ್ತಿನಿಂದಲೇ ತೆಗೆದರೆ, ಹೀಟ್ ಪಂಪ್ ಹೊರಗಿನ ಗಾಳಿಯಲ್ಲಿರುವ ಶಾಖವನ್ನು ನೀರಿಗೆ ಸಾಗಿಸುವುದರಿಂದ, ಅದಕ್ಕೆಂದೇ ಹಾಕಿಸಿದ ನಮ್ಮ ಸಬ್‌ಮೀಟರಿನಲ್ಲಿ ದಿನಕ್ಕೆ 2 ಯೂನಿಟ್‌ಗಿಂತ ತುಸು ಹೆಚ್ಚು ಕಾಣುತ್ತಿದೆ. ಚಳಿದೇಶಗಳಲ್ಲಿ ಗಾಳಿಯ ಶಾಖ ಹೀರುವ ಕೊಳವೆಯ ಸುರುಳಿಯ ಮೇಲೆ ಹಿಮ ಕಟ್ಟುವ ತೊಂದರೆ ಇಲ್ಲಿಲ್ಲ. ನಮ್ಮ ಗಾಳಿಯ ತೇವ ಅದರ ಮೇಲೆ ನೀರಾಗುವಾಗ ಬಿಡುವ ಶಾಖವೂ ಲಾಭವೇ.

ಎಡವಿದ್ದು ಜಾಗದ ವಿಷಯದಲ್ಲಿ. ಯಂತ್ರ ಜೋಡಿಸಲು ಬಂದವರು ಅದನ್ನು ಮುಚ್ಚಿದ ಸೌದೆ ಕೊಟ್ಟಿಗೆಯೊಳಗೆ ಇಟ್ಟುಹೋದರು. ತಾನೇ ಉಗುಳಿದ ತಣ್ಣನೆಯ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತ, ಎರಡೂವರೆ ಗಂಟೆಯ ಕೆಲಸಕ್ಕೆ ಅದು ಐದು ಗಂಟೆ ತೆಗೆದುಕೊಂಡಿತು. ಪಕ್ಕದ ಅಡಿಕೆ ಗೋಣಿಗಳು ತಣ್ಣಗಾಗಿ ಕೈಗೆ ಪಸೆ ಹತ್ತುತ್ತಿತ್ತು. ಹಿತ್ತಿಲಿನ ಮಾಡಿನಡಿಗೆ ಸರಿಸಿದ ಮೇಲೆ ಸರಿಯಾಯಿತು. ಸಂಜೆ ವೋಲ್ಟೇಜ್ ಇಳಿದಾಗ ಕಂಪ್ರೆಸರ್ ನಿಲ್ಲುತ್ತಿದ್ದುದರಿಂದ ಟೈಮರನ್ನು ಮಧ್ಯಾಹ್ನಕ್ಕೆ ಇಟ್ಟಿದ್ದೇನೆ. ಆಗ ಗಾಳಿಯೂ ಬೆಚ್ಚಗಿರುತ್ತದೆ.

ಒಲೆಗೆ ತೆಂಗಿನ ಗೆರಟೆ, ಅಡಿಕೆ ಸಿಪ್ಪೆ ಧಾರಾಳವಾಗಿರುವವರಿಗೆ ಖರ್ಚಿನ ದೃಷ್ಟಿಯಿಂದ ಇದನ್ನು ನಾನು ಶಿಫಾರಸು ಮಾಡಲಾರೆ. ನಮಗೆ ಬೇಕಾದದ್ದು ಅಮ್ಮನ ಕೆಮ್ಮಿಗೆ ಹೊಗೆಯಿಂದ ಬಿಡುಗಡೆ. ಆದರೂ ಎಣ್ಣೆಸ್ನಾನದ ದಿನ ಅವರಿಗೆ ಹಂಡೆಯ ನೀರೇ ಆಗಬೇಕು.