‘8 ಅಂಡ್ 7’: ಕನ್ನಡದಲ್ಲಿ ಹೇಗೆ ಬರೆಯೋದು?

ಗೆಳೆಯರೇ,

ಅಮೆರಿಕದ ‘ಯು.ಎಸ್. ಅಮೆಚೂರ್’ ಗಾಲ್ಫ್ ಚಾಂಪಿಯನ್‌ಷಿಪ್ ಗೆದ್ದವರ ಪಟ್ಟಿಯನ್ನು ಕನ್ನಡಕ್ಕೆ ತರುತ್ತಿದ್ದೆ. ವರ್ಷ, ಹೆಸರು, ಊರು, ಅಂಕ, ಅಷ್ಟೇ. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. 1930ರ ಸಾಲಿನಲ್ಲಿ ಬಾಬಿ ಜೋನ್ಸ್ ಹೆಸರಿನ ಪಕ್ಕ ‘8 ಅಂಡ್ 7’ ಅಂತಿತ್ತು. ನಾನು ‘8–7ರಿಂದ ಪ್ರಯಾಸದ ಗೆಲುವು’ ಅಂತ ಬರೆದು ಮುಂದಿನ ಸಾಲಿಗೆ ಹೋದೆ. ಗಾಲ್ಫ್ ಬಲ್ಲ ಸ್ನೇಹಿತರೊಬ್ಬರು ಓದಿ ನಕ್ಕುಬಿಟ್ಟರು. ಅವತ್ತು ಪ್ರಯಾಸಪಟ್ಟದ್ದು ಜೋನ್ಸ್ ಅಲ್ಲ, ಎದುರಾಳಿ ಯೂಜೀನ್ ಹೋಮನ್ಸ್!

ವಿಷಯ ಏನೆಂದರೆ, ಇಲ್ಲಿ ಎರಡು ಅಂಕಿಗಳು ಇಬ್ಬರು ಆಟಗಾರರವಲ್ಲ. ಮೊದಲನೆಯದು ಗೆದ್ದವನ ಮುನ್ನಡೆ, ಎರಡನೆಯದು ಆಡದೆ ಉಳಿದ ಹೋಲ್‌ಗಳು. ಹೋಲ್ ಅಂದರೆ ಚೆಂಡನ್ನು ಒಂದು ಕುಳಿಗೆ ಸೇರಿಸುವವರೆಗಿನ ಆಟದ ಒಂದು ಹಂತ. ಕಡಿಮೆ ಹೊಡೆತದಲ್ಲಿ ಸೇರಿಸಿದವನು ಆ ಹೋಲ್ ಗೆದ್ದಂತೆ. ಜೋನ್ಸ್ 8 ಹೋಲ್ ಮುಂದಿದ್ದ, ಆಡಲು ಇನ್ನು 7 ಹೋಲ್ ಮಾತ್ರ ಉಳಿದಿದ್ದವು. ಉಳಿದದ್ದನ್ನೆಲ್ಲ ಹೋಮನ್ಸ್ ಗೆದ್ದರೂ ಸಾಲದು, ಹಾಗಾಗಿ ಆಟ ಅಲ್ಲಿಗೇ ಮುಗಿಯಿತು. ಫೈನಲ್ 36 ಹೋಲ್‌ಗಳದ್ದು, 29ರಲ್ಲೇ ಮುಗಿದುಹೋಯಿತು. ಅಂದರೆ ನಾನು ಬರೆದದ್ದು ಪೂರ್ತಿ ಉಲ್ಟಾ. 1895ರ ಮೊದಲ ಚಾಂಪಿಯನ್‌ಷಿಪ್‌ನಲ್ಲಿ ಚಾರ್ಲ್ಸ್ ಮ್ಯಾಕ್‌ಡೊನಾಲ್ಡ್ ಗೆದ್ದದ್ದು ‘12 ಅಂಡ್ 11’. ಅದನ್ನೂ ‘12–11’ ಅಂತ ಬರೆದಿದ್ದರೆ ಭಾರೀ ರೋಚಕ ಆಟ ಅನ್ನಿಸುತ್ತಿತ್ತು. ನಿಜದಲ್ಲಿ 25 ಹೋಲ್‌ಗೇ ಕತೆ ಮುಗಿದಿತ್ತು.

ಈಗ ನನ್ನ ಪ್ರಶ್ನೆ. ಇದನ್ನು ಕನ್ನಡದಲ್ಲಿ ಚಿಕ್ಕದಾಗಿ ಹೇಗೆ ಹೇಳುವುದು? ‘8 ಮತ್ತು 7’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನನಗೆ ಹೊಳೆದದ್ದು ಕ್ರಿಕೆಟ್ ವರದಿಯ ದಾರಿ. ‘ಇನ್ನೂ 7 ಓವರ್ ಬಾಕಿ ಇರುವಾಗಲೇ ಗೆಲುವು’ ಅಂತ ದಿನವೂ ಓದುತ್ತೇವೆ, ಅಲ್ವಾ? ಹಾಗೆಯೇ ‘7 ಹೋಲ್ ಬಾಕಿ ಇರುವಾಗಲೇ 8ರ ಮುನ್ನಡೆ’ ಅನ್ನಬಹುದು. ವಾಕ್ಯದಲ್ಲಿ ಚೆನ್ನಾಗಿ ಕೂರುತ್ತದೆ. ಆದರೆ ಪಟ್ಟಿಯ ಕಿರಿದಾದ ಅಂಕಣದಲ್ಲಿ ಹತ್ತಾರು ಸಲ ಇದನ್ನೇ ಬರೆಯಲು ಜಾಗ ಎಲ್ಲಿದೆ? ‘8 ಮೇಲು, 7 ಬಾಕಿ’ ಅಂದರೆ ಹೇಗೆ? ನನಗಂತೂ ಇದು ಹಿಡಿಸಿದೆ.

‘ಮೇಲು’ ಇಟ್ಟುಕೊಂಡರೆ ಇನ್ನೊಂದು ತೊಡಕೂ ಬಿಡಿಸಿಕೊಳ್ಳುತ್ತದೆ. ಕೊನೆಯ ಹೋಲ್‌ವರೆಗೂ ಹೋದ ಆಟಗಳಲ್ಲಿ ಬಾಕಿ ಏನೂ ಇರುವುದಿಲ್ಲ. ಅವಕ್ಕೆ ‘1 ಅಪ್’, ‘2 ಅಪ್’ ಅಂತಾರೆ. ಆರ್ನಾಲ್ಡ್ ಪಾಮರ್ 1954ರಲ್ಲಿ, ಜಾಕ್ ನಿಕ್ಲಾಸ್ 1959ರಲ್ಲಿ ಗೆದ್ದದ್ದು ‘1 ಮೇಲು’. ಪ್ರಯಾಸದ ಗೆಲುವು ಅನ್ನಬೇಕಾದದ್ದು ಇವುಗಳಿಗೆ.

1996ರ ಸಾಲಿನಲ್ಲಿ ಮತ್ತೆ ತಡವರಿಸಿದೆ. ಟೈಗರ್ ವುಡ್ಸ್ ಸತತ ಮೂರನೇ ಸಲ ಗೆದ್ದ ವರ್ಷ ಅದು. ಸ್ಟೀವ್ ಸ್ಕಾಟ್ ವಿರುದ್ಧ ‘38 ಹೋಲ್’ ಅಂತ ಬರೆದಿದೆ. ಮೈದಾನದಲ್ಲಿ ಇರುವುದೇ 18 ತಾನೇ? ಎರಡು ಸುತ್ತು ಆಡಿದರೆ 36, ಆಗಲೂ ಇಬ್ಬರೂ ಸಮ, ಅದಕ್ಕೇ ಇನ್ನೆರಡು. ಹಾಗಾಗಿ ಇಲ್ಲಿ ‘38ನೇ ಹೋಲ್‌ನಲ್ಲಿ’ ಅಂತ ವಿಭಕ್ತಿ ಹಚ್ಚದಿದ್ದರೆ, 38 ಹೋಲ್‌ಗಳ ಅಂತರದ ಗೆಲುವು ಅಂತ ಓದಿಕೊಳ್ಳುವವರೂ ಇರುತ್ತಾರೆ.

ಹೋಲ್‌ಗೆ ‘ಕುಳಿ’ ಯಾಕಾಗಬಾರದು ಅಂತ ನೀವು ಕೇಳೇ ಕೇಳುತ್ತೀರಿ. ಚೆಂಡು ಬೀಳುವ ತೂತಿಗಾದರೆ ಕುಳಿ ಸರಿಯೇ. ಆದರೆ ಗಾಲ್ಫ್‌ನಲ್ಲಿ ಮೊದಲ ಹೊಡೆತದ ಜಾಗದಿಂದ ಆ ತೂತಿನವರೆಗಿನ ಇಡೀ ಹಾದಿಗೂ ಹೋಲ್ ಅಂತಲೇ ಹೆಸರು. ‘ಉದ್ದದ ಕುಳಿ’, ‘ಕುಳಿ ಗೆದ್ದ’ ಅಂದರೆ ಕಿವಿಗೆ ಒಗ್ಗುವುದಿಲ್ಲ. ಸುಮ್ನೆ ಹೋಲ್ ಅಂತಲೇ ಬಿಟ್ಟಿದ್ದೇನೆ.

1965ರಿಂದ 1972ರವರೆಗಿನ ಸಾಲುಗಳಲ್ಲಿ ಈ ಜೋಡಿ ಅಂಕಿಗಳೇ ಇಲ್ಲ. ಆ ಎಂಟು ವರ್ಷ ಒಟ್ಟು ಹೊಡೆತ ಎಣಿಸಿ ಗೆದ್ದವರನ್ನು ಆರಿಸಿದರು. 1973ಕ್ಕೆ ಹಳೆಯ ಪದ್ಧತಿಗೇ ಮರಳಿದರು. ‘ಹೊಡೆತ ಲೆಕ್ಕದ ಆಟ’, ‘ಹೋಲ್ ಲೆಕ್ಕದ ಆಟ’ ಅಂತ ಬರೆದಿದ್ದೇನೆ. ಇದಕ್ಕೆ ತಕರಾರು ಬರಲಾರದು.

ಕೊನೆಗೆ ‘ಅಮೆಚೂರ್’. ಹವ್ಯಾಸಿ ಅನ್ನಲು ಮನಸ್ಸು ಒಪ್ಪುತ್ತಿಲ್ಲ. ‘ಹವ್ಯಾಸಿ ರಂಗಭೂಮಿ’ ಅಂದಾಗ ಅದರಲ್ಲಿ ಒಂದು ಗೌರವ ಇದೆ, ನಿಜ. ಆದರೆ ‘ವೃತ್ತಿಪರ’ ಅನ್ನುವುದು ಈಗ ಹೊಗಳಿಕೆಯ ಮಾತಾಗಿಬಿಟ್ಟಿದೆ. ಹಾಗಾಗಿ ಪಕ್ಕದ ‘ಹವ್ಯಾಸಿ’ಗೆ ಬಿಡುವಿದ್ದಾಗ ಆಡುವವನು ಅನ್ನುವ ಛಾಯೆ ಬಂದಿದೆ. ಜೋನ್ಸ್ ಈ ಪಟ್ಟ ಐದು ಸಲ ಗೆದ್ದವನು. ಓದಿದ್ದು ಕಾನೂನು. ದುಡ್ಡಿಗಾಗಿ ಆಡಲಿಲ್ಲ ಅನ್ನುವುದೊಂದೇ ಅವನ ಅಮೆಚೂರ್‌ತನ, ಆಟದಲ್ಲಿ ಏನೂ ಕಡಿಮೆ ಇರಲಿಲ್ಲ. ಸದ್ಯಕ್ಕೆ ಪಂದ್ಯಾವಳಿಯ ಹೆಸರಿನಲ್ಲಿ ‘ಅಮೆಚೂರ್’ ಉಳಿಸಿ, ಆಟಗಾರನಿಗೆ ‘ಹವ್ಯಾಸಿ’ ಅಂತ ಬರೆದಿದ್ದೇನೆ. ಅರೆಮನಸ್ಸಿನ ರಾಜಿ ಇದು. ‘ಮಾಜಿ ವಿಜೇತರು’ ಅನ್ನುವುದನ್ನು ಮಾತ್ರ ಹೊಡೆದುಹಾಕಿದೆ. ಮಂತ್ರಿ ಮಾಜಿ ಆಗಬಹುದು, 1930ರಲ್ಲಿ ಗೆದ್ದವನು ಗೆದ್ದವನೇ.

‘8 ಮೇಲು, 7 ಬಾಕಿ’ ನಿಮಗೆ ಒಪ್ಪಿಗೆಯಾ? ಇದಕ್ಕಿಂತ ಚಿಕ್ಕದು ಹೊಳೆದರೆ ತಿಳಿಸಿ. ಪಟ್ಟಿಯನ್ನು ಇನ್ನೂ ಅಚ್ಚಿಗೆ ಕೊಟ್ಟಿಲ್ಲ.