ಅಪ್‌ಡೇಟ್: ಅಮ್ಮನ ರಕ್ತಹೀನತೆಯ ಮೂಲ ಹೊಟ್ಟೆಯಲ್ಲಿತ್ತು

ವರ್ಷವಿಡೀ ಕಬ್ಬಿಣಾಂಶದ ಮಾತ್ರೆ ನುಂಗಿದರೂ ಅಮ್ಮನ ಹಿಮೋಗ್ಲೋಬಿನ್ 8 ದಾಟುತ್ತಿಲ್ಲ, ಏಕಿರಬಹುದು ಎಂದು ಮಳೆಗಾಲದಲ್ಲಿ ಕೇಳಿದ್ದೆ. ‘ಹೊಟ್ಟೆಯನ್ನೊಮ್ಮೆ ತೋರಿಸಿ’ ಎಂದವರಿಗೆ ಮೊದಲು ನಮಸ್ಕಾರ.

ಮಡಿಕೇರಿಯಲ್ಲಿ ಎಂಡೋಸ್ಕೋಪಿ ಮಾಡಿಸಿದೆವು. ಹುಣ್ಣು ಇರಲಿಲ್ಲ. ಆದರೆ ಜಠರದ ಒಳಪದರ ಕೆಂಪಾಗಿ ಊದಿತ್ತು. ಅಲ್ಲಿಂದ ತೆಗೆದ ಚೂರಿನ ಪರೀಕ್ಷೆಯಲ್ಲಿ (ಬಯಾಪ್ಸಿ) ಹೆಲಿಕೋಬ್ಯಾಕ್ಟರ್ ಪೈಲೋರಿ ಸಿಕ್ಕಿತು. ಈ ಬ್ಯಾಕ್ಟೀರಿಯಾ ಬಹುಕಾಲ ಬೀಡುಬಿಟ್ಟರೆ ಜಠರದ ಆಮ್ಲ ಕುಗ್ಗಬಹುದು. ಆಮ್ಲ ಸಾಲದಿದ್ದರೆ ತಿಂದ ಕಬ್ಬಿಣ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಬಿ12 ಕೊರತೆಗೂ, ಪ್ಲೇಟ್‌ಲೆಟ್ ಇಳಿಯುವ ಐಟಿಪಿ ಕಾಯಿಲೆಗೂ ಇದರ ನಂಟಿದೆಯಂತೆ. ಹೃದಯದ ಕಾಯಿಲೆ, ಮೈಗ್ರೇನ್ ಕೂಡ ಇದರಿಂದಲೇ ಎಂದೆಲ್ಲ ಓದಿ ನಿದ್ದೆಗೆಟ್ಟಿದ್ದ ನನಗೆ ವೈದ್ಯರು, ಅವಕ್ಕೆ ಪುರಾವೆ ಗಟ್ಟಿಯಿಲ್ಲ ಎಂದರು.

14 ದಿನ ಎರಡು ಬಗೆಯ ಆಂಟಿಬಯೋಟಿಕ್, ಜೊತೆಗೆ ಅವು ಚೆನ್ನಾಗಿ ಕೆಲಸ ಮಾಡಲೆಂದು ಆಮ್ಲ ತಗ್ಗಿಸುವ ಮಾತ್ರೆ. ನಾಲಿಗೆಯೆಲ್ಲ ಲೋಹದ ರುಚಿ. ‘ಪಂದಿಕರಿಗೆ ಕಾಚಂಪುಳಿ ಹಾಕಿದೆಯೋ, ತುಕ್ಕು ಹಿಡಿದ ಮೊಳೆಯನ್ನೋ?’ ಎಂದು ಅಮ್ಮ ತಟ್ಟೆ ಸರಿಸಿದ್ದೂ ಉಂಟು (ಪಂದಿಕರಿ ನಮ್ಮ ಕೊಡಗಿನ ಹಂದಿಮಾಂಸದ ಅಡುಗೆ, ಕಾಚಂಪುಳಿ ಅದಕ್ಕೆ ಹಾಕುವ ಕಪ್ಪು ಹುಳಿ). ಊಟದ ಬೆನ್ನಿಗೇ ಕಾಫಿ ಬೇಡ, ಕಬ್ಬಿಣವನ್ನು ತಡೆಯುತ್ತದೆ ಎಂದಾಗಲಂತೂ ತೋಟದ ಮನೆಯಲ್ಲಿ ದೊಡ್ಡ ಜಗಳವೇ ಆಯಿತು.

ಔಷಧ ಮುಗಿದು ತಿಂಗಳಾದ ಮೇಲೆ ಮಾಡಿಸಿದ ಮಲ ಪರೀಕ್ಷೆ ನೆಗೆಟಿವ್. (ಅದಕ್ಕೆ ಎರಡು ವಾರ ಮೊದಲೇ ಆಮ್ಲದ ಮಾತ್ರೆ ನಿಲ್ಲಿಸಬೇಕು, ಇಲ್ಲವಾದರೆ ಫಲಿತಾಂಶ ಮೋಸ ಮಾಡಬಹುದು.) ಕಬ್ಬಿಣದ ಮಾತ್ರೆ ಮುಂದುವರಿದಿದೆ. ಈಗ, ಕಾಫಿ ಕೊಯ್ಲಿನ ಹೊತ್ತಿಗೆ, ಹಿಮೋಗ್ಲೋಬಿನ್ 11.2.

ಅಪ್ಪನನ್ನೂ ಪರೀಕ್ಷೆಗೆ ಕರೆದೆ. ‘ನನಗೆ ಹೊಟ್ಟೆನೋವೇ ಇಲ್ಲವಲ್ಲ’ ಎನ್ನುತ್ತಾರೆ. ಅಮ್ಮನಿಗೂ ಇರಲಿಲ್ಲ.